ಎರಡು ಏಕಾದಶಿ

ಕಳೆದ ತಿಂಗಳು ಏಕಾದಶಿ ಎರಡು ದಿನ ಬಿತ್ತು. ಮೊದಲನೇ ದಿನ ನನ್ನ ಉಪವಾಸ. ಉಪವಾಸ ಅಂದರೆ ಅನ್ನ ಬಿಟ್ಟು ಅವಲಕ್ಕಿ ಉಪ್ಪಿಟ್ಟು, ಬಾಳೆಹಣ್ಣು, ಎರಡು ಸಲ ಕಾಫಿ. ಅವತ್ತು ಮಧ್ಯಾಹ್ನ ಪಕ್ಕದ ಮನೆಯಿಂದ ಸಾರಿನ ಒಗ್ಗರಣೆ ಘಮ್ಮೆನ್ನುತ್ತಿತ್ತು. ಮಾರನೇ ದಿನ ನಾನು ಊಟಕ್ಕೆ ಕೂತಾಗ ಆ ಮನೆಯ ಅಕ್ಕ ತೊಟ್ಟು ನೀರೂ ಮುಟ್ಟಿರಲಿಲ್ಲ.

ಬಸವನಗುಡಿಯಲ್ಲಿ ಇದೇನೂ ಹೊಸದಲ್ಲ. ನಾವು ಶಂಕರರ ಅದ್ವೈತ ಒಪ್ಪಿದ ಸ್ಮಾರ್ತರು, ಸೂರ್ಯೋದಯಕ್ಕೆ ಏಕಾದಶಿ ಇದ್ದರೆ ಸಾಕು. ಅವರು ಮಧ್ವಾಚಾರ್ಯರನ್ನು ಅನುಸರಿಸುವ ಮಾಧ್ವರು. ಸೂರ್ಯೋದಯಕ್ಕೆ ನಾಲ್ಕು ಘಳಿಗೆ, ಅಂದರೆ 96 ನಿಮಿಷ ಮುಂಚಿನ ಅರುಣೋದಯಕ್ಕೆ ದಶಮಿ ಸೋಕಿದ್ದರೂ ಅವರ ಉಪವಾಸ ಮಾರನೇ ದಿನಕ್ಕೆ ಹೋಗುತ್ತದೆ.

ಮೂವತ್ತು ವರ್ಷ ಲೆಕ್ಕದ ಮೇಡಂ ಆಗಿದ್ದು, ನಿವೃತ್ತಿಯಾದ ಮೇಲೆ ನನಗೆ ದರ್ಶನಗಳನ್ನು ಓದುವ ಹುಚ್ಚು ಹತ್ತಿತು. ಓದಲು ಹೋಗುವುದು ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ಗೆ. 1945ರಲ್ಲಿ ಅದನ್ನು ಕಟ್ಟಿದ ಬಿ.ಪಿ. ವಾಡಿಯಾ ಹುಟ್ಟಿನಿಂದ ಪಾರ್ಸಿ, ನಂಬಿಕೆಯಿಂದ ಥಿಯಾಸಫಿಸ್ಟ್. ಎಲ್ಲ ಧರ್ಮಗಳ ಬೇರೂ ಒಂದೇ ಅನ್ನುವುದು ಥಿಯಾಸಫಿಯ ಮಾತು. ನನಗೂ ಅದೇ ಹಿತವಾಗಿತ್ತು.

ಆಮೇಲೆ 'ಸರ್ವದರ್ಶನಸಂಗ್ರಹ' ಹಿಡಿದೆ. ಬರೆದವರು ಮಧ್ವಾಚಾರ್ಯರಲ್ಲ, 14ನೇ ಶತಮಾನದ, ವಿಜಯನಗರ ಕಾಲದ ಮಾಧವಾಚಾರ್ಯರು. ಒಟ್ಟು ಹದಿನಾರು ದರ್ಶನ. ಶುರುವಾಗುವುದೇ ದೇವರೂ ಇಲ್ಲ, ಪರಲೋಕವೂ ಇಲ್ಲ ಅನ್ನುವ ಚಾರ್ವಾಕನಿಂದ. ಬೌದ್ಧರು, ಜೈನರು, ಪಾದರಸದಿಂದ ದೇಹ ಗಟ್ಟಿಮಾಡಿಕೊಂಡು ಮುಕ್ತಿಗೆ ಹೊರಟ ರಸೇಶ್ವರರು, ಅಷ್ಟೇಕೆ, ವೈಯಾಕರಣ ಪಾಣಿನಿಗೂ ಒಂದು ಅಧ್ಯಾಯ. ಚಾರ್ವಾಕನ ಮಾತನ್ನು ಎಷ್ಟು ರುಚಿಯಾಗಿ ಹೇಳಿದ್ದಾರೆಂದರೆ, ಒಂದೆರಡು ಪುಟ ನಾನೂ ಅವನ ಕಡೆ ವಾಲಿದೆ.

ಇದನ್ನು ಸಂಭ್ರಮದಿಂದ ಅಕ್ಕನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: "ನಮ್ಮವರು ಎಷ್ಟನೆಯವರು?"

"ಐದನೆಯವರು."

"ಕೊನೆಗೆ ಯಾರು?"

"ಶಂಕರರು."

"ಮತ್ತೆ! ನಮ್ಮನ್ನ ಐದನೇ ಮೆಟ್ಟಿಲಲ್ಲಿ ನಿಲ್ಲಿಸಿ, ನೀವು ಮಹಡಿ ಮೇಲೆ ಕೂತಿದ್ದೀರಿ."

"ಹೋಗಲಿ ಬಿಡಿ ಅಕ್ಕಾ, ಕೊನೆಗೆ ಎಲ್ಲಾ ಒಂದೇ ತಾನೆ?" ಅಂದೆ.

"ಅದೂ ನಿಮ್ಮ ಮಾತೇ ಕಣ್ರೀ. ನಾವು ಪಂಚಭೇದ ಒಪ್ಪಿದವರು. ದೇವರು ಬೇರೆ, ಜೀವ ಬೇರೆ. ಒಂದು ಜೀವದ ಹಾಗೆ ಇನ್ನೊಂದಿಲ್ಲ. ಎಲ್ಲಾ ಒಂದೇ ಅಂದಕೂಡಲೇ ನೀವು ಗೆದ್ದ ಹಾಗಾಯ್ತಲ್ಲ?"

ನನ್ನ ಉದಾರ ಮಾತಿನೊಳಗೆ ನಮ್ಮನೆ ಪಂಚಾಂಗವೇ ಅಡಗಿತ್ತು. ತಕ್ಕಡಿ ಹಿಡಿದಿದ್ದೇನೆ ಅಂದುಕೊಂಡವಳು ಒಂದು ತಟ್ಟೆಯಲ್ಲೇ ಕೂತಿದ್ದೆ. ಹಾಗಾದರೆ ಇನ್ನೊಬ್ಬರ ಮತವನ್ನು ಓದುವುದಾದರೂ ಹೇಗೆ? ನಮ್ಮ ಹಿರಿಯರು ಬಿಟ್ಟುಹೋದ ಪದ್ಧತಿ ಪೂರ್ವಪಕ್ಷ: ಖಂಡಿಸುವ ಮುಂಚೆ ಎದುರಾಳಿಯ ಮಾತನ್ನು ಅವನೇ ತಲೆದೂಗುವಂತೆ ಹೇಳಬೇಕು. ಮಾಧ್ವ ಯತಿ ವ್ಯಾಸತೀರ್ಥರ 'ನ್ಯಾಯಾಮೃತ' ಅದ್ವೈತವನ್ನು ಎಳೆಎಳೆಯಾಗಿ ಬಿಡಿಸಿಟ್ಟು ಖಂಡಿಸಿತು. ಅದಕ್ಕೆ ಉತ್ತರವಾಗಿ ಅದ್ವೈತಿ ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ'ಯನ್ನೇ ಬರೆದರು. ಎದುರಾಳಿಯನ್ನು ಇಷ್ಟು ಗಮನವಿಟ್ಟು ಓದಿದವರು ಸ್ನೇಹಿತರಲ್ಲೂ ಅಪರೂಪ.

ದ್ವಾದಶಿ ಪಾರಣೆ ಮುಗಿಸಿ ಅಕ್ಕ ಕಾಫಿಗೆ ಕರೆದರು. "ನಮ್ಮ ಮತವನ್ನ ನೀವೇ ಹೇಳಿ ನೋಡೋಣ" ಅಂದೆ. ಅವರ ತಂದೆ ಪಾಠ ಹೇಳುತ್ತಿದ್ದವರು. ಹಗ್ಗ-ಹಾವು, ಅಧ್ಯಾಸ, ವ್ಯವಹಾರದ ಸತ್ಯ, ಪರಮಾರ್ಥದ ಸತ್ಯ, ಒಂದೊಂದನ್ನೂ ಬತ್ತಿ ಹೊಸೆದ ಹಾಗೆ ಹೊಸೆದಿಟ್ಟರು. ನಮ್ಮಪ್ಪನೂ ನನಗೆ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

"ಅಕ್ಕಾ, ಇಲ್ಲಿಗೇ ನಿಲ್ಲಿಸಿಬಿಡಿ" ಅಂದೆ.

"ಅದ್ಹೇಗಾಗತ್ತೆ? ಪೂರ್ವಪಕ್ಷ ಮುಗೀತು ಅಷ್ಟೆ," ಅನ್ನುತ್ತ ಅಕ್ಕ ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು.