ವಾರ್ಡಿನಲ್ಲಿ ಪಳಗುವ ವಿವೇಕ

ಈ ಹೊತ್ತಿನಲ್ಲಿ, ಈ ವ್ಯಕ್ತಿಗೆ, ಯಾವುದು ಒಳಿತು ಎಂದು ಕಂಡುಕೊಂಡು ಅದರಂತೆ ನಡೆಯುವ ಶಕ್ತಿಯನ್ನು ಅರಿಸ್ಟಾಟಲ್ ‘ಫ್ರೊನೆಸಿಸ್’ ಎಂದು ಕರೆದ. ಇದು ವ್ಯವಹಾರದ ವಿವೇಕ. ಎಳೆಯರು ರೇಖಾಗಣಿತದಲ್ಲಿ ಪರಿಣತರಾಗಬಲ್ಲರು, ವಿವೇಕಿಗಳಾಗುವುದು ಮಾತ್ರ ಕಷ್ಟ ಎಂಬುದು ಅವನ ಅಭಿಪ್ರಾಯ. ವಿವೇಕಕ್ಕೆ ಬಿಡಿ ಬಿಡಿ ಸಂದರ್ಭಗಳ ಅನುಭವ ಬೇಕು, ಅನುಭವಕ್ಕೆ ಕಾಲ ಹಿಡಿಯುತ್ತದೆ. ನರ್ಸ್‌ಗಳ ವೃತ್ತಿನೀತಿಯ ಪಾಠ ಕಾಲೇಜಿನಲ್ಲೇ ಮುಗಿಯದಿರುವುದಕ್ಕೂ ಇದೇ ಕಾರಣ.

ನಿಯಮಗಳಿಗೇನೂ ಬರವಿಲ್ಲ. ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿಯ ನೀತಿಸಂಹಿತೆ 1953ರಷ್ಟು ಹಳೆಯದು, 2021ರಲ್ಲೂ ಪರಿಷ್ಕರಣೆಯಾಗಿದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಸಂಹಿತೆಯ ಪ್ರಕಾರ ರೋಗಿಯ ಗುಟ್ಟು ಕಾಯಬೇಕು, ಮಾಹಿತಿಯನ್ನು ವಿವೇಚನೆಯಿಂದ ಹಂಚಿಕೊಳ್ಳಬೇಕು, ರೋಗಿ ತಿಳಿದು ನಿರ್ಧರಿಸಲು ನೆರವಾಗಬೇಕು. ಆದರೆ ಆ ವಿವೇಚನೆ ಹೇಗಿರಬೇಕೆಂದು ಯಾವ ಸಂಹಿತೆಯೂ ಬರೆದಿಡಲಾರದು.

ಹರಿಹರದ ಕಡೆಯ ರೈತನೊಬ್ಬ ತಾಲ್ಲೂಕು ಆಸ್ಪತ್ರೆಯಿಂದ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೆ ಬಂದು ದಾಖಲಾಗಿದ್ದಾನೆ ಎಂದಿಟ್ಟುಕೊಳ್ಳೋಣ. ಹೊಟ್ಟೆಯೊಳಗಿನದು ಕ್ಯಾನ್ಸರ್ ಎಂದು ಮಗನಿಗೆ ಗೊತ್ತು. “ಅಪ್ಪಗೆ ಮಾತ್ರ ಹೇಳಬ್ಯಾಡ್ರಿ ಸಿಸ್ಟರ್” ಎಂದು ಬಾಗಿಲಲ್ಲೇ ಬೇಡಿಕೊಂಡಿದ್ದಾನೆ. ರಾತ್ರಿ ಡ್ರಿಪ್ ಬಾಟಲಿ ಬದಲಿಸುವಾಗ ಅಪ್ಪನೇ ಕೇಳುತ್ತಾನೆ: “ನನಗೇನಾಗೇತವ್ವಾ?” ಏನಿಲ್ಲ, ಬರೀ ಗ್ಯಾಸ್ಟ್ರಿಕ್ ಎಂದರೆ ಸುಳ್ಳಾಯಿತು. ಕಾಯಿಲೆಯ ಹೆಸರು ಹೇಳಿಬಿಟ್ಟರೆ, ವೈದ್ಯರು ಕೂತು ವಿವರಿಸಬೇಕಾದ್ದನ್ನು ಅರ್ಧರಾತ್ರಿ ಒಂದೇ ಮಾತಿನಲ್ಲಿ ಎಸೆದಂತೆ. ಪಳಗಿದ ನರ್ಸ್ “ನಿಮಗೇನ್ ಅನ್ನಿಸ್ತೈತ್ರಿ ಅಜ್ಜ?” ಎಂದು ಮರುಪ್ರಶ್ನೆ ಹಾಕಿ ಕಾಯುತ್ತಾಳೆ. ಅಜ್ಜನಿಗೆ ಬೇಕಿರುವುದು ಸತ್ಯವೋ, ಹೆದರಿಕೆಯಲ್ಲಿ ಒಂದಿಷ್ಟು ಜೊತೆಯೋ ಎಂಬುದು ಅವನ ಮಾತಿನಲ್ಲೇ ತಿಳಿಯುತ್ತದೆ. ಬೆಳಿಗ್ಗೆ ರೌಂಡ್ಸಿಗೆ ಬರುವ ವೈದ್ಯರ ಕಿವಿಗೆ ಅದನ್ನು ಹಾಕುತ್ತಾಳೆ. ಮಗನನ್ನೂ ಮಾತಿಗೆ ಕೂರಿಸುತ್ತಾಳೆ. ಮಗನದು ಪ್ರೀತಿಯೇ, ಅನುಮಾನವಿಲ್ಲ. ಆದರೂ ಕಾಯಿಲೆ ಬಂದಿರುವುದು ಅಪ್ಪನ ಮೈಗೆ.

ಹೊಸಬಳು ನಿಯಮ ಹಿಡಿದು ನಡೆಯುತ್ತಾಳೆ, ಪರಿಣತಳು ಇಡೀ ಸನ್ನಿವೇಶವನ್ನೇ ಓದುತ್ತಾಳೆ ಎಂದು ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ತೋರಿಸಿದರು. ಆದರೆ ಬರೀ ಸರ್ವಿಸಿನ ವರ್ಷಗಳು ಕೂಡಿದರೆ ಸಾಲದು. ಹಾಳು ರೂಢಿಗೂ ಇಪ್ಪತ್ತು ವರ್ಷದ ಅನುಭವ ಇರುತ್ತದೆ!

ವಿವೇಕಿಗಳೂ ಒಮ್ಮತಕ್ಕೆ ಬರದ ಸಂದರ್ಭಗಳುಂಟು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ್ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ಅಲ್ಲಿನ ನೌಕರನೊಬ್ಬನ ದಾಳಿಗೆ ಸಿಕ್ಕಿ ಪ್ರಜ್ಞೆ ಕಳೆದುಕೊಂಡರು. ಅವರ ದಯಾಮರಣ ಕೋರಿ ಪತ್ರಕರ್ತೆ ಪಿಂಕಿ ವಿರಾನಿ ಹಾಕಿದ ಅರ್ಜಿಯನ್ನು ಕೆಇಎಂ ನರ್ಸ್‌ಗಳು ವಿರೋಧಿಸಿದರು, 2011ರಲ್ಲಿ ಸುಪ್ರೀಂ ಕೋರ್ಟ್ ತಿರಸ್ಕರಿಸಿತು. ಅದೇ ತೀರ್ಪು ಷರತ್ತುಗಳ ಮೇಲೆ ನಿಷ್ಕ್ರಿಯ ದಯಾಮರಣಕ್ಕೆ, ಅಂದರೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸುವುದಕ್ಕೆ, ದಾರಿ ತೆರೆಯಿತು. 2015ರಲ್ಲಿ ಅರುಣಾ ತೀರಿಕೊಳ್ಳುವವರೆಗೂ ಆ ನರ್ಸ್‌ಗಳು ತಲೆಮಾರು ದಾಟಿ ಆರೈಕೆ ಮಾಡಿದರು. ಎರಡೂ ಕಡೆ ಕರುಣೆಯಿತ್ತು. ನೀತಿಯ ತರಗತಿಗೆ ಬೇಕಾದುದು ಇಂಥ ಪ್ರಕರಣವೇ, ವ್ಯಾಖ್ಯೆಗಳ ಪಟ್ಟಿಯಲ್ಲ.

ನರ್ಸ್‌ಗಳು ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಳ್ಳುವಾಗ 150 ಗಂಟೆಗಳ ಮುಂದುವರಿಕೆ ಶಿಕ್ಷಣ ಲೆಕ್ಕಕ್ಕೆ ಬರುತ್ತದೆ. ಅದು ಸಭಾಂಗಣದ ಉಪನ್ಯಾಸ, ಸಹಿ, ಸರ್ಟಿಫಿಕೇಟಿನಲ್ಲಿ ಮುಗಿದರೆ ಅರಿಸ್ಟಾಟಲನ ಮಾತು ಅಲ್ಲಿಗೆ ತಲುಪಲಿಲ್ಲವೆಂದೇ ಅರ್ಥ. ಡ್ಯೂಟಿ ಬದಲಾಗುವ ಹೊತ್ತಿಗೆ ಹಿರಿಯರೂ ಕಿರಿಯರೂ ಕೂಡಿ, ರೋಗಿಯ ಹೆಸರೆತ್ತದೆ, ಆ ವಾರದ ಒಂದು ಪ್ರಕರಣವನ್ನು ಬಿಡಿಸಿ ನೋಡುವುದಕ್ಕೆ ಅರ್ಧ ಗಂಟೆ ಸಾಕು. ಮೇಲ್ವಿಚಾರಕರ ಎದುರೂ ಕಿರಿಯಳು “ನನಗೆ ಹಾಗನ್ನಿಸಲಿಲ್ಲ” ಎನ್ನುವಂತಿರಬೇಕು. ನೈಟ್ ಡ್ಯೂಟಿಯವರಿಗೂ ಅದರಲ್ಲಿ ಪಾಲು ಸಿಗುವಂತೆ ಪಾಳಿ ಹೊಂದಿಸಬೇಕು.