ಇನ್ನೊಂದು ಬಾಗಿಲು

ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಬಸ್ಸಿಳಿದು ಪೇಟೆಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಕಾಫಿ ವ್ಯಾಪಾರಿಯ ಅಂಗಡಿ ಮುಂದೆ ಒಂದು ಕಪ್ಪು ಹಲಗೆ ಕಾಣುತ್ತದೆ. ಅದರ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಸಾಲು: ಎ.ಪಿ., ಎ.ಸಿ., ಆರ್.ಪಿ., ಆರ್.ಸಿ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ. ಪಕ್ಕದಲ್ಲಿ 50 ಕಿಲೋ ಚೀಲಕ್ಕೆ ಆವತ್ತಿನ ದರ. ಈಗ ಅದೇ ದರ ಬೆಳಿಗ್ಗೆ ವಾಟ್ಸಾಪಿನಲ್ಲೂ ಬರುತ್ತದೆ. ಆದರೂ ಬೆಳೆಗಾರ ಹಲಗೆಯ ಮುಂದೆ ಒಂದು ಗಳಿಗೆ ನಿಲ್ಲುತ್ತಾನೆ. ಇವತ್ತೇ ಕೊಟ್ಟುಬಿಡಲೋ, ಇನ್ನು ಹದಿನೈದು ದಿನ ಕಾಯಲೋ, ಎದುರಿನ ಅಂಗಡಿಯಲ್ಲೂ ಒಂದು ಮಾತು ಕೇಳಲೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ.

ಅವನ ಅಪ್ಪನಿಗೆ ಹೀಗೆ ನಿಂತು ಯೋಚಿಸುವ ಅವಕಾಶವೇ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಬೆಳೆಗಾರ ಕಂಗಾಲಾದಾಗ, ಅವನನ್ನು ಉಳಿಸಲೆಂದೇ ಬಂದದ್ದು 1942ರ ಕಾಫಿ ಕಾಯ್ದೆ. ಮನೆ ಖರ್ಚಿಗೆ, ಬಿತ್ತನೆಗೆ ಇಷ್ಟು ಎಂದು ಇಟ್ಟುಕೊಂಡು ಉಳಿದಷ್ಟನ್ನೂ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕು. ಹರಾಜು ಹಾಕುವುದು ಬೋರ್ಡು, ಕೊಳ್ಳುವವರನ್ನು ಕಾಣುವುದು ಬೋರ್ಡು. ಹಣ ಮಾತ್ರ ಕಂತುಕಂತಾಗಿ, ಮುಂದಿನ ಕೊಯ್ಲು ಬಂದರೂ ಮುಗಿಯದಂತೆ ಬರುತ್ತಿತ್ತು. ತನ್ನ ಕಣದಲ್ಲಿ ಒಣಗಿದ ಕಾಫಿಯನ್ನು ತಾನೇ ಮಾರಿದರೆ ಅಪರಾಧ. ಯುದ್ಧ ಮೂರು ವರ್ಷದಲ್ಲಿ ಮುಗಿಯಿತು, ಪೂಲು ಮುಗಿಯುವುದಕ್ಕೆ ಅರ್ಧ ಶತಮಾನ ಹಿಡಿಯಿತು. 1992ರಲ್ಲಿ ಬೆಳೆಯ ಶೇ. 30ರಷ್ಟನ್ನು ದೇಶದೊಳಗೆ ತಾನೇ ಮಾರಿಕೊಳ್ಳುವ ಸ್ವಾತಂತ್ರ್ಯ ಬಂತು. 1996ರ ಸೆಪ್ಟೆಂಬರಿಗೆ ಎಲ್ಲ ಬೆಳೆಗಾರರಿಗೂ ಪೂರ್ತಿ ಬಿಡುಗಡೆ.

ಲಿಬರ್ಟೇರಿಯನ್ ಎಂದು ಕರೆದುಕೊಳ್ಳುವ ಚಿಂತಕರ ವಾದವನ್ನು ಅರ್ಥ ಮಾಡಿಕೊಳ್ಳಲು ಈ ಹಲಗೆಗಿಂತ ಒಳ್ಳೆಯ ಪಾಠವಿಲ್ಲ. ಅವರು ಕೇಳುವುದು ಒಂದೇ ಪ್ರಶ್ನೆ: ಇನ್ನೊಬ್ಬರಿಗೆ ಕೇಡು ಮಾಡದ ಕೆಲಸಕ್ಕೆ ನಾನು ಯಾರ ಅಪ್ಪಣೆ ಕೇಳಬೇಕು, ಏಕೆ ಕೇಳಬೇಕು? ಈ ಪ್ರಶ್ನೆಗೆ ಅರ್ಥಶಾಸ್ತ್ರದ ಬೆನ್ನೆಲುಬು ಕೊಟ್ಟವರಲ್ಲಿ ಫ್ರೆಡರಿಕ್ ಹಾಯೆಕ್ ಮುಖ್ಯರು. ಸಮಾಜಕ್ಕೆ ಬೇಕಾದ ತಿಳಿವಳಿಕೆ ಯಾವ ಒಂದು ಕಚೇರಿಯಲ್ಲೂ ಇರುವುದಿಲ್ಲ, ಕೋಟ್ಯಂತರ ಜನರ ಬಳಿ ಚೂರುಚೂರಾಗಿ ಹಂಚಿಹೋಗಿರುತ್ತದೆ. ಆ ಚೂರುಗಳನ್ನು ಜೋಡಿಸಿ ಒಂದು ಅಂಕಿಯಾಗಿ ತೋರಿಸುವುದೇ ಬೆಲೆ ಎಂದು ಅವರು 1945ರ ಒಂದು ಲೇಖನದಲ್ಲಿ ವಾದಿಸಿದರು. 1994ರಲ್ಲಿ ಬ್ರೆಜಿಲಿನ ಕಾಫಿ ತೋಟಗಳ ಮೇಲೆ ಹಿಮ ಬಿತ್ತು. ಮೂಡಿಗೆರೆಯ ಬೆಳೆಗಾರನಿಗೆ ಬ್ರೆಜಿಲ್ ಎಲ್ಲಿದೆ ಎಂದು ಗೊತ್ತಿರಬೇಕಾಗಿರಲಿಲ್ಲ. ಹಲಗೆಯ ಮೇಲಿನ ಅಂಕಿ ಏರಿತು; ಅಲ್ಲಿನ ಸುದ್ದಿಯಲ್ಲಿ ತನಗೆ ಬೇಕಾದಷ್ಟು ಅವನಿಗೆ ಮುಟ್ಟಿತು. ಗಿಡಕ್ಕೆ ಗೊಬ್ಬರ ಹೆಚ್ಚು ಹಾಕಿದ, ಪಾಳು ಬಿದ್ದ ಪಟ್ಟಿಗೆ ಸಸಿ ನೆಟ್ಟ.

ಲಿಬರ್ಟೇರಿಯನ್ನರ ಈ ವಾದವನ್ನು ನಮ್ಮ ನೆಲದಲ್ಲೂ ಹಾಯೆಕ್ ಕಾಲದಲ್ಲೇ ಮಂಡಿಸಿದವರಿದ್ದರು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಬಿ.ಆರ್. ಶೆಣೈ, ಎರಡನೇ ಪಂಚವಾರ್ಷಿಕ ಯೋಜನೆಗೆ ಸಲಹೆ ನೀಡುವ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ 1955ರಲ್ಲಿ ಒಬ್ಬರೇ ಭಿನ್ನಮತ ಬರೆದರು. ಕೊರತೆಯ ಬಜೆಟ್ಟು, ಕಂಟ್ರೋಲು, ಅತಿ ಮಹತ್ವಾಕಾಂಕ್ಷೆಯ ಯೋಜನೆ, ಇವೆಲ್ಲ ಕೊನೆಗೆ ಬಡವನ ತಲೆಗೇ ಬಂದೆರಗುತ್ತವೆ ಎಂಬ ಅವರ ಎಚ್ಚರಿಕೆಗೆ ದೆಹಲಿಯಲ್ಲಿ ಕಿವಿಗೊಡುವವರಿರಲಿಲ್ಲ. ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ ಲೈಸೆನ್ಸ್-ಪರ್ಮಿಟ್ ರಾಜ್ಯದ ವಿರುದ್ಧ ಊರೂರು ತಿರುಗಿದರು. 1967ರ ಲೋಕಸಭೆಯಲ್ಲಿ ಆ ಪಕ್ಷಕ್ಕೆ 44 ಸ್ಥಾನ ಬಂತು.

ರಾಜಾಜಿಯವರ ಹೆಸರು ಬಂದಮೇಲೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. 1952ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾಗಿ ಆಹಾರಧಾನ್ಯದ ಕಂಟ್ರೋಲನ್ನು ಧೈರ್ಯವಾಗಿ ಕಿತ್ತುಹಾಕಿದವರು ಅವರೇ, 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದವರೂ ಅವರೇ. 1971ರಲ್ಲಿ ಆ ನಿಷೇಧ ಸಡಿಲವಾಗುತ್ತದೆ ಎಂದಾಗ, ತೊಂಬತ್ತು ದಾಟಿದ ರಾಜಾಜಿ, ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೆ ಹೋಗಿ ಬೇಡಿಕೊಂಡರು. ಅಕ್ಕಿ ಮಾರುವವನು ಸರ್ಕಾರದ ಅಪ್ಪಣೆ ಕೇಳಬಾರದು, ಕುಡಿಯುವವನಿಗೆ ಮಾತ್ರ ಸರ್ಕಾರ ಅಪ್ಪಣೆ ಕೊಡಬಾರದು. ರಾಜಾಜಿಯವರ ಪ್ರಾಮಾಣಿಕತೆಯನ್ನು ಯಾರೂ ಸಂದೇಹಿಸಲಾರರು. ನಾವೆಲ್ಲ ಸ್ವಾತಂತ್ರ್ಯವನ್ನು ಪ್ರೀತಿಸುವುದು ಹೀಗೇ, ನಮಗೆ ಒಗ್ಗುವ ಪಾಲನ್ನು ಮಾತ್ರ. ತೆರಿಗೆ ಇಳಿಸಿ ಎನ್ನುವವನು ಪಾರ್ಕಿನಲ್ಲಿ ಕೂತ ಹುಡುಗ ಹುಡುಗಿಯನ್ನು ಪೊಲೀಸರು ಎಬ್ಬಿಸಲಿ ಎನ್ನುತ್ತಾನೆ. ಕಲಾವಿದನ ಸ್ವಾತಂತ್ರ್ಯಕ್ಕೆ ಸಹಿ ಹಾಕುವವನು ಸಿನಿಮಾ ಟಿಕೆಟ್ಟಿನ ದರವನ್ನು ಸರ್ಕಾರವೇ ಗೊತ್ತುಮಾಡಲಿ ಎನ್ನುತ್ತಾನೆ. ತಟ್ಟೆಯಲ್ಲಿ ಏನಿರಬೇಕು, ಯಾರನ್ನು ಮದುವೆಯಾಗಬೇಕು, ಯಾವ ಪುಸ್ತಕ ಓದಬೇಕು, ಬೆಳೆದದ್ದನ್ನು ಯಾರಿಗೆ ಮಾರಬೇಕು ಎಂಬ ನಾಲ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗುವವನು ನಿಷ್ಠಾವಂತ ಲಿಬರ್ಟೇರಿಯನ್ ಒಬ್ಬನೇ. ಅವನನ್ನು ಒಪ್ಪದವರೂ ಅವನಿಂದ ಈ ತಕ್ಕಡಿಯನ್ನು ಎರವಲು ಪಡೆಯಬೇಕು.

ಆದರೆ ಆ ತಕ್ಕಡಿಯನ್ನು ಅವನು ಒಂದೇ ಬಾಗಿಲ ಮುಂದೆ, ಸರ್ಕಾರದ ಬಾಗಿಲ ಮುಂದೆ ಮಾತ್ರ ಇಡುತ್ತಾನೆ. ನನ್ನ ತಕರಾರು ಅಲ್ಲಿದೆ.

ಕನ್ನಡದ ಡಬ್ಬಿಂಗ್ ಕಥೆಯನ್ನೇ ನೋಡಿ. ಬೇರೆ ಭಾಷೆಯ ಚಿತ್ರವನ್ನು ಕನ್ನಡಕ್ಕೆ ಡಬ್ ಮಾಡಬಾರದು ಎಂದು ಯಾವ ಶಾಸನಸಭೆಯೂ ಯಾವತ್ತೂ ಕಾನೂನು ಮಾಡಲಿಲ್ಲ. ಕನ್ನಡ ಚಿತ್ರರಂಗ ಮದ್ರಾಸಿನ ಸ್ಟುಡಿಯೋಗಳಲ್ಲಿ ಬಾಡಿಗೆ ಮನೆಯವರಂತೆ ಬದುಕುತ್ತಿದ್ದ ಕಾಲದಲ್ಲಿ, ಅಗ್ಗದ ಡಬ್ಬಿಂಗ್ ಚಿತ್ರಗಳು ಬಂದರೆ ನಮ್ಮ ನಟರು, ತಂತ್ರಜ್ಞರು ಬೀದಿಗೆ ಬೀಳುತ್ತಾರೆ ಎಂಬ ನಿಜವಾದ ಭಯದಿಂದ 1960ರ ದಶಕದಲ್ಲಿ ಚಳವಳಿ ಎದ್ದಿತು. ಅದರ ಹಿಂದೆ ಅ.ನ.ಕೃ. ಅಂಥವರ ಕನ್ನಡ ಕಳಕಳಿ ಇತ್ತು, ಡಾ. ರಾಜಕುಮಾರರ ಬೆಂಬಲವಿತ್ತು. ಆಮೇಲೆ ಅದು ಉದ್ಯಮದ ಸಂಘಗಳ ಅಲಿಖಿತ ಕಟ್ಟಳೆಯಾಗಿ ನಿಂತಿತು. ಕಾಫಿ ಪೂಲಿನ ಹಾಗೆಯೇ, ಕಷ್ಟಕಾಲದಲ್ಲಿ ಕಟ್ಟಿದ ತಡಿಕೆ ಕಷ್ಟ ಕಳೆದ ಮೇಲೂ ಉಳಿಯಿತು. 2012ರಲ್ಲಿ ಆಮೀರ್ ಖಾನರ ‘ಸತ್ಯಮೇವ ಜಯತೆ’ ಹಲವು ಭಾಷೆಗಳಲ್ಲಿ ಟಿವಿಗೆ ಬಂದಾಗ ಕನ್ನಡದಲ್ಲಿ ಬರಲಿಲ್ಲ. ಕನ್ನಡವೊಂದೇ ಬಲ್ಲ ಹಳ್ಳಿಯ ಹೆಂಗಸು, ಹೆಣ್ಣುಭ್ರೂಣ ಹತ್ಯೆಯ ಬಗೆಗಿನ ಮಾತನ್ನು ತಿಳಿಯದ ಭಾಷೆಯಲ್ಲಿ ಕೇಳಬೇಕಿತ್ತು, ಇಲ್ಲವೇ ಟಿವಿ ಆರಿಸಬೇಕಿತ್ತು.

ಇದಕ್ಕೆ ಲಿಬರ್ಟೇರಿಯನ್ ಏನೆನ್ನಬೇಕು? ಸಂಘ ಕಟ್ಟುವುದು ಸ್ವಾತಂತ್ರ್ಯ, ತನಗೆ ಬೇಡದವನೊಂದಿಗೆ ವ್ಯವಹಾರ ಮಾಡದಿರುವುದೂ ಸ್ವಾತಂತ್ರ್ಯ. ಆ ನ್ಯಾಯದ ಪ್ರಕಾರ ಚಿತ್ರೋದ್ಯಮದ ಬಹಿಷ್ಕಾರದಲ್ಲಿ ತಪ್ಪಿಲ್ಲ. ನೋಡುಗನ ಕಡೆ ನಿಂತರೆ ಅವನ ಆಯ್ಕೆಯನ್ನೇ ಕಿತ್ತುಕೊಂಡಿದ್ದಾರೆ. ಕೊನೆಗೆ ಕದ ತೆಗೆಸಿದ್ದು ಯಾರು? ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಚಲನಚಿತ್ರ ವಾಣಿಜ್ಯ ಮಂಡಳಿಗೂ ಸಂಬಂಧಪಟ್ಟ ಸಂಘಗಳಿಗೂ ದಂಡ ಹಾಕಿತು. ಮಾರುಕಟ್ಟೆಯನ್ನು ಮುಕ್ತಗೊಳಿಸಿದ್ದು ಸರ್ಕಾರದ ಒಂದು ಸಂಸ್ಥೆ, ಅದೂ ಕಟ್ಟಾ ಲಿಬರ್ಟೇರಿಯನ್ನರು ಇರಲೇಬಾರದು ಎನ್ನುವಂಥ ಸ್ಪರ್ಧಾ ಕಾಯ್ದೆಯ ಬಲದಿಂದ. ಇದರಿಂದ ಕನ್ನಡ ಚಿತ್ರರಂಗಕ್ಕೆ ಕೇಡೇನಾದರೂ ಆಯಿತೇ? 2018ರಲ್ಲಿ ‘ಕೆಜಿಎಫ್’, 2022ರಲ್ಲಿ ‘ಕಾಂತಾರ’ ಬೇರೆ ಭಾಷೆಗಳಿಗೆ ಡಬ್ ಆಗಿಯೇ ದೇಶವನ್ನೆಲ್ಲ ಸುತ್ತಿಬಂದವು.

ಕಾಫಿಯ ವಿಷಯಕ್ಕೇ ಮರಳೋಣ, ಈ ಸಲ ಲೋಟಕ್ಕೆ. ಕಳೆದ ಶತಮಾನದ ಮೊದಲ ಭಾಗದಲ್ಲಿ ದಕ್ಷಿಣದ ಪೇಟೆಗಳಲ್ಲಿ ಕಾಫಿ ಹೋಟೆಲುಗಳು ತಲೆಯೆತ್ತಿದಾಗ, ದುಡ್ಡು ಕೊಟ್ಟವನಿಗೆಲ್ಲ ಕಾಫಿ ಎಂಬ ಮಾರುಕಟ್ಟೆಯ ಧರ್ಮ ಜಾತಿಯನ್ನು ಕರಗಿಸಬೇಕಿತ್ತು. ಸ್ವಲ್ಪ ಕರಗಿಸಿತು ಕೂಡ. ದುಡ್ಡಿಗೆ ಜಾತಿಯಿಲ್ಲ ಎನ್ನುವುದು ಅರ್ಧ ಸತ್ಯವಾದರೂ ಸತ್ಯ. ದಲಿತ ಚಿಂತಕ ಚಂದ್ರಭಾನ್ ಪ್ರಸಾದ್ ಜಾತಿಗೆ ಬಂಡವಾಳಶಾಹಿಯೇ ಮದ್ದು ಎನ್ನುವುದು ಇದನ್ನು ಕಂಡೇ. ಆದರೆ ಎಷ್ಟೋ ಹೋಟೆಲಿನಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇತ್ತು, ದಲಿತರಿಗೆ ಹೊರಗೆ ಬೇರೆ ಲೋಟ ಇತ್ತು, ಇಲ್ಲವೇ ಲೋಟವೇ ಇರಲಿಲ್ಲ. ಮಾಲೀಕ ಜಾತಿಯನ್ನು ಎದುರು ಹಾಕಿಕೊಂಡು ಗಿರಾಕಿ ಕಳೆದುಕೊಳ್ಳಲು ತಯಾರಿರಲಿಲ್ಲ. ಮಾರುಕಟ್ಟೆ ಗಿರಾಕಿಯ ಇಷ್ಟಕ್ಕೆ ಕಿವಿಗೊಡುತ್ತದೆ, ಆ ಇಷ್ಟ ಕೊಳಕಾಗಿದ್ದರೂ. ನಮ್ಮ ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಹೆಸರು ಹಿಡಿದೇ ಈ ಕದವನ್ನು ತೆಗೆಸಿತು. ಹದಿನಾಲ್ಕು ವರ್ಷದ ನಂತರ, 1964ರಲ್ಲಿ ಅಮೆರಿಕ ಕರಿಯರಿಗಾಗಿ ಇಂಥದೇ ಕಾನೂನು ತಂದಾಗ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಖಾಸಗಿ ಹೋಟೆಲಿಗೆ ಸರ್ಕಾರ ಕೈಹಾಕಬಾರದೆಂದು ವಿರೋಧವಾಗಿ ಮತ ಹಾಕಿದರು. ಸೂತ್ರದ ಮಟ್ಟಿಗೆ ಅದು ತಪ್ಪಿಲ್ಲದ ವಾದ. ಬಾಯಾರಿ ಬಂದು ಹೊರಗೆ ನಿಂತವನ ಕಡೆಯಿಂದ ನೋಡಿದಾಗಲೇ ಅದರ ತೂತು ಕಾಣುವುದು.

ಅಲ್ಲಿಗೆ ಪ್ರಶ್ನೆಯನ್ನು ತುಸು ತಿದ್ದಿಕೊಳ್ಳಬೇಕಾಗುತ್ತದೆ. ಬಾಗಿಲು ಕಾಯುತ್ತಿರುವವನು ಸರ್ಕಾರಿ ನೌಕರನೋ ಖಾಸಗಿ ಯಜಮಾನನೋ ಎನ್ನುವುದು ಎರಡನೆಯ ಮಾತು. ಅವನು ‘ಇಲ್ಲ’ ಎಂದರೆ ನನಗೆ ಇನ್ನೊಂದು ಬಾಗಿಲು ಇದೆಯೇ? ಇದು ಮೊದಲನೆಯದು. ಪೂಲಿನ ಕಾಲದ ಬೆಳೆಗಾರನಿಗೆ ಇರಲಿಲ್ಲ, ಕನ್ನಡವೊಂದೇ ಬಲ್ಲ ನೋಡುಗನಿಗೆ ಇರಲಿಲ್ಲ, ಲೋಟ ಸಿಗದವನಿಗೂ ಇರಲಿಲ್ಲ. ಇನ್ನೊಂದು ಬಾಗಿಲು ತೆರೆಸುವ ಕಾನೂನು ಸ್ವಾತಂತ್ರ್ಯದ ಪರ, ಇರುವುದನ್ನೂ ಮುಚ್ಚುವ ಕಾನೂನು ಅದರ ವಿರುದ್ಧ. ಕಾಫಿ ಕಾಯ್ದೆಯ ಪೂಲನ್ನು ರದ್ದು ಮಾಡಿದ್ದನ್ನೂ 15(2)ನೇ ವಿಧಿಯನ್ನೂ ಒಂದೇ ಬಾಯಲ್ಲಿ ಹೊಗಳಬಹುದು.

ಇದಕ್ಕೆ ಲಿಬರ್ಟೇರಿಯನ್ನನ ಮರುಮಾತು ಗಟ್ಟಿಯಾದದ್ದೇ. ಬಾಗಿಲು ತೆಗೆಸುವ ನೆಪದಲ್ಲಿ ಸರ್ಕಾರಕ್ಕೆ ಕೊಡಲಿ ಕೊಟ್ಟರೆ ನಾಳೆ ಅದು ಗೋಡೆಯನ್ನೇ ಕಡಿಯುತ್ತದೆ, ಪೂಲು ಕೂಡ ಬೆಳೆಗಾರನ ಹಿತಕ್ಕೆಂದೇ ಬಂದದ್ದಲ್ಲವೇ ಎನ್ನುತ್ತಾನೆ. ಹೌದು. ಕೊಡಲಿಯ ಮೇಲೆ ಕಣ್ಣಿಡಬೇಕು, ಕೆಲಸ ಮುಗಿದ ಮೇಲೆ ಕಿತ್ತುಕೊಳ್ಳಬೇಕು. ಆ ಕಾವಲಿಗೆ ಅವನಿಗಿಂತ ಒಳ್ಳೆಯ ಆಳು ಸಿಗುವುದಿಲ್ಲ. ಇನ್ನೊಂದು ಬಾಗಿಲಿನ ಆಚೆ ಸುಖವೇ ಇರುತ್ತದೆಂಬ ಭರವಸೆಯೂ ಇಲ್ಲ. ಪೂಲು ಹೋದ ಐದೇ ವರ್ಷದಲ್ಲಿ, ವಿಯೆಟ್ನಾಮಿನ ಕಾಫಿ ಜಗತ್ತಿನ ಮಾರುಕಟ್ಟೆಯನ್ನು ತುಂಬಿದಾಗ ದರ ಹಲವು ದಶಕಗಳಲ್ಲೇ ತಳ ಕಂಡಿತು. ಸರ್ಕಾರ ದೂರವಿರಲಿ ಎಂದಿದ್ದ ಬೆಳೆಗಾರರೇ ಸಾಲ ಪರಿಹಾರಕ್ಕಾಗಿ ಸರ್ಕಾರದ ಕದ ತಟ್ಟಿದರು. ಆದರೂ ಪೂಲು ವಾಪಸು ಬರಲಿ ಎಂದು ಬೀದಿಗಿಳಿಯಲಿಲ್ಲ.

ಅಂಬೇಡ್ಕರ್ 1947ರಲ್ಲೇ ಎತ್ತಿದ ಸಂದೇಹವೊಂದಿದೆ. ಸರ್ಕಾರ ಹಿಂದೆ ಸರಿದು ಬಿಟ್ಟುಕೊಡುವ ಸ್ವಾತಂತ್ರ್ಯ ಯಾರ ಕೈಗೆ ಹೋಗುತ್ತದೆ? ಕೂಲಿಯವನ ಪಾಲಿಗೆ ಅದು ಯಜಮಾನನ ಸರ್ವಾಧಿಕಾರವೇ ಆಗಬಹುದು ಎಂದರು ಅವರು. ಮಲೆನಾಡಿನ ತೋಟದಲ್ಲಿ ಆಳುಗಳು ಇರುವ ಲೈನ್ ಮನೆಗಳನ್ನು ನೋಡಿದವರಿಗೆ ಆ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ಬಿಟ್ಟರೆ ಸೂರೂ ಹೋಗುತ್ತದೆ ಎಂದಿರುವಾಗ, ಸಾಹುಕಾರರು ಹೇಳಿದ ಕೂಲಿಗೆ ಆಳು ‘ಹೂಂ’ ಎಂದದ್ದನ್ನು ಒಪ್ಪಂದ ಎಂದು ಬರೆದುಕೊಳ್ಳಬಹುದು, ಸ್ವತಂತ್ರ ಒಪ್ಪಂದ ಎನ್ನಲಾಗದು.

ಈಗ ಅದೇ ಪೇಟೆಯಲ್ಲಿ, ಕೊಯ್ಲಿನ ಕಾಲದ ಬೆಳಗಿನ ಜಾವ, ಬಸ್ ಸ್ಟ್ಯಾಂಡಿನ ಬಳಿ ಜೀಪುಗಳು ನಿಂತಿರುತ್ತವೆ. ಬುತ್ತಿ ಹಿಡಿದ ಹೆಂಗಸರು ಹತ್ತುವ ಮುಂಚೆ ಕೇಳುತ್ತಾರೆ: ಕಿಲೋಗೆ ಎಷ್ಟು ಕೊಡ್ತೀರಿ? ಹೇಳಿದ್ದು ಒಪ್ಪಿಗೆಯಾಗದಿದ್ದರೆ ಮುಂದಿನ ಜೀಪಿಗೆ ಹೋಗುತ್ತಾರೆ. ಅವರಿಗೆ ಈ ಧೈರ್ಯ ಬಂದದ್ದು ಎಲ್ಲಿಂದ? ಕೈಗಳ ಕೊರತೆಯಿಂದ, ಅಂದರೆ ಮಾರುಕಟ್ಟೆಯಿಂದ. ಜೊತೆಗೆ ಸರ್ಕಾರದ ಸೈಟಿನಲ್ಲಿ ತಮ್ಮದೇ ಹೆಸರಿನಲ್ಲಿ ಎದ್ದ ಚಿಕ್ಕ ಮನೆಯಿಂದ, 2013ರ ಅನ್ನಭಾಗ್ಯದ ಅಕ್ಕಿಯಿಂದ. ಎರಡು ದಿನ ಕೂಲಿಗೆ ಹೋಗದಿದ್ದರೂ ಒಲೆ ಆರುವುದಿಲ್ಲ ಎಂಬುದು ಗೊತ್ತಿರುವವಳಿಗೆ ಮಾತ್ರ ದರ ಕೇಳುವ ಬಾಯಿ ಬರುತ್ತದೆ.

ಪುಕ್ಕಟೆ ಅಕ್ಕಿ ಕೊಟ್ಟು ಆಳುಗಳನ್ನು ಸೋಮಾರಿ ಮಾಡಿದರು ಎಂಬ ಮಾತು ತೋಟದವರ ಜಗಲಿಯಲ್ಲಿ ಸಾಮಾನ್ಯ. ಅದನ್ನು ಆಡಿದವರೇ ಸಂಜೆ ಪೇಟೆಗೆ ಹೋಗಿ ಕಪ್ಪು ಹಲಗೆಯ ಮುಂದೆ ನಿಲ್ಲುತ್ತಾರೆ, ದರ ಸಾಲದು ಎಂದು ತಲೆಯಾಡಿಸುತ್ತಾರೆ, ಎದುರಿನ ಅಂಗಡಿಯ ಕಡೆ ಹೆಜ್ಜೆ ಹಾಕುತ್ತಾರೆ. ಬೆಳಿಗ್ಗೆ ಜೀಪಿನ ಬಳಿ ಆ ಹೆಂಗಸು ಮಾಡಿದ್ದೂ ಅದನ್ನೇ.