ನೋಟದ ಋಣ

ಸುಂದರವಾದುದನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದುದು. ಅದು ನಿರ್ದೋಷವಾದುದೆಂದೂ ಎಲ್ಲರೂ ಒಪ್ಪುವರು. ನೋಡುವವನು ಏನನ್ನೂ ಕೊಂಡೊಯ್ಯುವುದಿಲ್ಲ. ಅವನು ನೋಡಿದುದರಿಂದ ವಸ್ತುವು ಕುಂದುವುದೂ ಇಲ್ಲ. ಆದುದರಿಂದ ನೋಟಕ್ಕೆ ಬೆಲೆಯಿಲ್ಲ, ನೋಡುವವನಿಗೆ ಹೊಣೆಯಿಲ್ಲ ಎಂಬ ಭಾವನೆ ಲೋಕದಲ್ಲಿ ಬೇರೂರಿದೆ. ಇದು ಎಷ್ಟರಮಟ್ಟಿಗೆ ನ್ಯಾಯವೆಂದು ವಿಚಾರಮಾಡುವುದಕ್ಕೆ ಕನ್ನಡಿಗರಿಗೆ ಜೋಗದ ಜಲಪಾತಕ್ಕಿಂತ ಉತ್ತಮವಾದ ಉದಾಹರಣೆ ದೊರೆಯಲಾರದು.

ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯು ಹೊನ್ನಾವರದ ಬಳಿ ಕಡಲನ್ನು ಸೇರುವುದಕ್ಕೆ ಮೊದಲು ಜೋಗದಲ್ಲಿ ಸುಮಾರು 830 ಅಡಿ ಆಳಕ್ಕೆ ಧುಮುಕುತ್ತಾಳೆ. ರಾಜಾ ಎಂಬ ಧಾರೆ ನೆಟ್ಟಗೆ ಇಳಿಯುತ್ತದೆ. ರೋರರ್ ಗರ್ಜಿಸುತ್ತ ಬಂದು ಅದನ್ನು ಕೂಡಿಕೊಳ್ಳುತ್ತದೆ. ರಾಕೆಟ್ ಚಿಮ್ಮಿ ಬೀಳುತ್ತದೆ. ರಾಣಿಯು ಬಂಡೆಯ ಮೈಮೇಲೆ ನೊರೆಯ ಸೆರಗನ್ನು ಹಾಸಿ ಮೆಲ್ಲನೆ ಜಾರುತ್ತಾಳೆ. ಮಳೆಗಾಲದಲ್ಲಿ ಮಂಜು ಕಣಿವೆಯನ್ನೆಲ್ಲ ತುಂಬಿ, ಕೆಲವು ವೇಳೆ ದನಿ ಮಾತ್ರವೇ ಕೇಳಿಬರುವುದು. ಗಾಳಿ ಬೀಸಿ ತೆರೆ ಸರಿದಾಗ ದಡದ ಮೇಲೆ ನಿಂತ ಜನಸಮೂಹ ಒಂದೇ ಕ್ಷಣ ಮಾತು ಮರೆಯುತ್ತದೆ.

ಬೇಸಗೆಯಲ್ಲಿ ಹೋದವನ ಪಾಡು ಬೇರೆ. ದೂರದಿಂದ ದುಡ್ಡು ಖರ್ಚುಮಾಡಿ ಬಂದವನು ಕರಿಯ ಬಂಡೆಯನ್ನೂ ಅದರ ಮೇಲಿನ ಎರಡು ಬಿಳಿಯ ಗೆರೆಗಳನ್ನೂ ಕಂಡು, 'ನೀರೇ ಇಲ್ಲ' ಎಂದು ಮುಖ ಸಿಂಡರಿಸಿ ಹಿಂದಿರುಗುವನು. ನೀರನ್ನು ಯಾರೋ ಅಪಹರಿಸಿದರೆಂದು ದೂರುವುದೂ ಉಂಟು. ಆದರೆ ಅಪಹರಿಸಿದವರು ಯಾರು? 1948ರಲ್ಲಿ ಇಲ್ಲಿನ ಮೊದಲ ಜಲವಿದ್ಯುದಾಗಾರ ಕೆಲಸಕ್ಕೆ ತೊಡಗಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ನದಿಯ ಬಹುಭಾಗ ಅಲ್ಲಿಯೇ ನಿಂತಿತು. ಆ ನೀರು ತಳಕಳಲೆಯ ಮಾರ್ಗವಾಗಿ ಹೋಗಿ, 1,035 ಮೆಗಾವಾಟ್ ಶಕ್ತಿಯ ಶರಾವತಿ ವಿದ್ಯುದಾಗಾರವನ್ನು ನಡೆಸುತ್ತದೆ. ದೂರುವವನು ಮನೆಗೆ ಬಂದು ಗುಂಡಿಯನ್ನೊತ್ತಿ ದೀಪವನ್ನು ಹೊತ್ತಿಸಿ, ಅದರ ಬೆಳಕಿನಲ್ಲಿ ಕುಳಿತು ಜೋಗದ ಹಾಳನ್ನು ಕುರಿತು ಗೆಳೆಯನಿಗೆ ಬರೆಯುತ್ತಾನೆ. ಕಾಣೆಯಾದ ಧಾರೆಯ ಪಾಲು ಅವನ ಮನೆಯಲ್ಲಿಯೂ ಇದೆ. ಅದನ್ನು ಅವನು ಅರಿಯಲಿಲ್ಲ, ಅಷ್ಟೆ.

ಇಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳು ವಾದಕ್ಕೆ ನಿಲ್ಲುವುವು. ಸುಮ್ಮನೆ ಬೀಳುವ ನೀರು ವ್ಯರ್ಥವೆಂದು ಒಂದು ಪಕ್ಷ. ಸೌಂದರ್ಯವನ್ನು ಕೂಲಿಗೆ ಹಚ್ಚುವುದು ಪಾಪವೆಂದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ. ದೀಪವಿಲ್ಲದ ಮನೆಯ ಮಗುವಿಗೆ ಜಲಪಾತದ ವರ್ಣನೆಯಿಂದ ಓದು ಸಾಗದು. ಉಪಯೋಗವೊಂದನ್ನೇ ಕಾಣುವ ಕಣ್ಣಿಗೆ ಜಗತ್ತೆಲ್ಲ ಉಗ್ರಾಣವಾಗುವುದೂ ದಿಟ. ಆದರೆ ಈ ವಾದದಲ್ಲಿ ಇಬ್ಬರೂ ಮರೆಯುವ ಮೂರನೆಯವನೊಬ್ಬನಿದ್ದಾನೆ. ಅವನು ನೋಡುವುದಕ್ಕೆ ಬಂದವನಲ್ಲ, ಅಲ್ಲಿಯೇ ಇದ್ದವನು.

ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಸಾಗರ, ಹೊಸನಗರ ಸೀಮೆಗಳ ಹಳ್ಳಿಗಳು ಗದ್ದೆ ತೋಟ ಸಹಿತವಾಗಿ ಮುಳುಗಿದುವು. 'ಮುಳುಗಡೆ' ಎಂಬ ಒಂದೇ ಮಾತಿನಲ್ಲಿ ಆ ಕಡೆಯ ಜನ ಆ ದುಃಖವನ್ನೆಲ್ಲ ಅಡಗಿಸಿ ಹೇಳುವರು. ಮನೆಯ ಕಂಬಗಳನ್ನು ಕಿತ್ತುಕೊಂಡು ಅಪರಿಚಿತವಾದ ಕಾಡಿನ ಅಂಚಿಗೆ ಹೋದವರಲ್ಲಿ ಅನೇಕರ ಮಕ್ಕಳು ಮೊಮ್ಮಕ್ಕಳು, ತಾವು ಉಳುವ ನೆಲದ ಹಕ್ಕುಪತ್ರಕ್ಕಾಗಿ ಅರುವತ್ತು ವರುಷಗಳಾದ ಮೇಲೂ ಅಲೆದಿದ್ದಾರೆ. ಹಿನ್ನೀರಿನಾಚೆಯ ತುಮರಿ ಸೀಮೆಯವರು ಸಾಗರಕ್ಕೆ ಬರಬೇಕಾದರೆ ಬಹುಕಾಲ ಲಾಂಚಿಗಾಗಿ ಕಾದರು; ಅಂಬಾರಗೋಡ್ಲು-ಕಳಸವಳ್ಳಿಗಳ ನಡುವೆ ಸೇತುವೆಯಾದುದು 2025ರಲ್ಲಿ. ನಾಡಿಗೆ ಬೆಳಕಾಯಿತು, ಬೆಲೆ ತೆತ್ತವರು ಕತ್ತಲೆಯಲ್ಲುಳಿದರು.

ಹಾಗಾದರೆ ಪ್ರವಾಸಿಯು ಜೋಗಕ್ಕೆ ಹೋಗಲೇಬಾರದೆ? ಹೋದರೂ ಸಂತೋಷಪಡಬಾರದೆ? ಹಾಗಲ್ಲ. ಉಣ್ಣುವಾಗ ಬೆಳೆದವನನ್ನು ನೆನೆದರೆ ಅನ್ನದ ರುಚಿ ಕೆಡದು. ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳೊಡನೆ ಹುಟ್ಟುವನೆಂಬುದನ್ನು ಎಲ್ಲರೂ ಬಲ್ಲರು. ಶತಪಥ ಬ್ರಾಹ್ಮಣವು ಇವುಗಳೊಡನೆ ನಾಲ್ಕನೆಯದಾಗಿ ಮನುಷ್ಯಋಣವನ್ನೂ ಹೇಳಿ, ಜನರಿಗೆ ನೆಲೆಯನ್ನೂ ಅನ್ನವನ್ನೂ ಕೊಡುವುದರಿಂದ ಅದು ತೀರುವುದೆನ್ನುತ್ತದೆ. ನೆಲೆಯನ್ನೂ ಅನ್ನದ ಭೂಮಿಯನ್ನೂ ಕಳೆದುಕೊಂಡವರ ವಿಷಯದಲ್ಲಿ ಈ ಮಾತಿನ ಅರ್ಥ ಎಷ್ಟು ನೇರವಾದುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬೊಬ್ಬ ಪ್ರವಾಸಿಯೂ ಅದನ್ನು ಏಕಾಂಗಿಯಾಗಿ ತೀರಿಸಲಾರನು, ನಿಜ. ಆದರೆ ಋಣವುಂಟೆಂದು ಒಪ್ಪದ ನಾಡಿನಲ್ಲಿ ಅದನ್ನು ತೀರಿಸಬೇಕೆಂಬ ಮಾತೇ ಏಳದು. ಬೇಡುವವರ ದನಿ ಬೇಡುವವರಲ್ಲಿಯೇ ಉಳಿದುಹೋಗುವುದು.

ನೋಟಕ್ಕೆ ಬೆಲೆಯಿಲ್ಲವೆಂಬುದು ಆದಕಾರಣ ಸರಿಯಲ್ಲ. ಬೆಲೆಯನ್ನು ಬೇರೆಯವರು ತೆತ್ತಿರುವರೆಂಬುದೇ ಸರಿ. ಬೇಸಗೆಯ ಜೋಗದಲ್ಲಿ ನಿಂತು ಬರಿಯ ಬಂಡೆಯನ್ನು ಕಂಡವನು, ನೀರು ಎಲ್ಲಿಗೆ ಹೋಯಿತೆಂದು ಕೇಳುವುದರ ಜೊತೆಗೆ, ಊರು ಎಲ್ಲಿಗೆ ಹೋಯಿತೆಂದೂ ಕೇಳಿದರೆ, ಅವನ ಪ್ರಯಾಣ ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.